ಹೂಳು ತುಂಬಿದ ನಮ್ಮೂರ ಹಳೇ ಕೆರೆಗೆ ಏನಾದರೂ ಬೆಲೆ ಇದೆಯಾ?

ಪ್ರಶ್ನೆ: ನಮ್ಮದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟಗಳ ತಲೆಗೆ ಸುಮಾರು ಎಂಟು ಎಕರೆಯ ಹಳೇ ಕೆರೆ ಇದೆ. ಮಳೆಗಾಲದಲ್ಲಿ ತುಂಬಿ ಕೋಡಿ ಬೀಳುತ್ತದೆ. ಮಾರ್ಚ್ ಬಂದರೆ ಅರ್ಧಕ್ಕರ್ಧ ಕೆಸರು, ಜೊಂಡು. ಊರಲ್ಲಿ ಈಗ ಎರಡು ಮಾತು ನಡೀತಿದೆ. ಜೆಸಿಬಿ ಹಾಕಿಸಿ ಪೂರ್ತಿ ಆಳ ಮಾಡಿ, ಸುತ್ತ ಕಲ್ಲು ಕಟ್ಟಿಸಿ, ವಾಕಿಂಗ್‌ಗೆ ದಾರಿ ಮಾಡೋಣ ಅಂತ ಕೆಲವರು. ಎಲ್ಲರ ಹತ್ತಿರವೂ ಬೋರ್ ಇದೆ, ಇದನ್ನು ಮುಚ್ಚಿ ಸಮುದಾಯ ಭವನ ಕಟ್ಟೋಣ ಅಂತ ಇನ್ನು ಕೆಲವರು. ಈ ಕೆರೆ ಯಾವ ಕಾಲದ್ದು ಅಂತ ತಿಳಿಯುವುದು ಹೇಗೆ? ಇದಕ್ಕೆ ನಿಜವಾಗಿ ಏನಾದರೂ ಬೆಲೆ ಇದೆಯಾ? ಏರಿ ಮೇಲಿಂದ ತೆಗೆದ ಒಂದು ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋ ನೋಡಿದೆ. ಎಡಗಡೆ ಮೂಲೆಯಲ್ಲಿ, ಏರಿಯಿಂದ ಸ್ವಲ್ಪ ಒಳಗೆ, ನೀರಿನಿಂದ ಎದ್ದು ನಿಂತ ಎರಡು ಕಲ್ಲುಕಂಬ ಕಾಣುತ್ತಿವೆ. ಅವುಗಳ ನಡುವೆ ಅಡ್ಡಕ್ಕೆ ಕಲ್ಲಿನ ಹಲಗೆ, ಹಲಗೆಯಲ್ಲಿ ಒಂದು ತೂತು. ನೀವು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ದಿನಾ ನೋಡುವ ವಸ್ತು ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ಅದು ನಿಮ್ಮ ಕೆರೆಯ ತೂಬು. ಕೆರೆಯ ವಯಸ್ಸು ಕೇಳಿದಿರಿ. ಉತ್ತರ ಹುಡುಕುವುದನ್ನು ಅಲ್ಲಿಂದಲೇ ಶುರು ಮಾಡಬೇಕು.

ಆ ತೂತಿನೊಳಗೆ ಹಿಂದೆ ಒಂದು ಉದ್ದನೆಯ ಮರದ ಗಳು ಇರುತ್ತಿತ್ತು. ಗಳುವಿನ ತುದಿಗೆ ಬಿರಡೆ. ಕೆಳಗೆ, ಕೆರೆಯ ತಳಮಟ್ಟದಲ್ಲಿ, ಕಲ್ಲಿನ ಪೆಟ್ಟಿಗೆಯಂಥ ಒಂದು ಬಾಯಿ. ಬಿರಡೆ ಎತ್ತಿದರೆ ನೀರು ಏರಿಯ ಅಡಿಯಲ್ಲಿ ಕಟ್ಟಿದ ಕಲ್ಲುಕಾಲುವೆಯಲ್ಲಿ ಹರಿದು ಆಚೆ ಗದ್ದೆ, ತೋಟಕ್ಕೆ ಬೀಳುತ್ತದೆ. ಇಳಿಸಿದರೆ ನಿಲ್ಲುತ್ತದೆ. ಎಷ್ಟು ಎತ್ತಬೇಕು, ಯಾರ ಪಾಲಿಗೆ ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳಲು ಒಬ್ಬ ನೀರಗಂಟಿ. ಮೋಟಾರಿಲ್ಲ, ಕಬ್ಬಿಣವಿಲ್ಲ. ಇಷ್ಟು ಸರಳವಾದ ಏರ್ಪಾಡು ಕೆಲವು ಕಡೆ ಇವತ್ತಿಗೂ ಕೆಲಸ ಮಾಡುತ್ತದೆ.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕಂಬಗಳ ಹತ್ತಿರ ಹೋಗಿ ನೋಡಿ. ಕೆಲವು ತೂಬುಗಳ ಕಂಬದ ಮೇಲೆ ಗಜಲಕ್ಷ್ಮಿ ಇರುತ್ತದೆ, ಕೆಲವದರ ಮೇಲೆ ಹಾವು, ಮೀನು. ಕೆತ್ತನೆ ನೋಡಿದರೆ ತಿಳಿದವರು ಸುಮಾರಾಗಿ ಕಾಲ ಹೇಳಬಲ್ಲರು. ಆಮೇಲೆ ಏರಿಯ ಎರಡೂ ತುದಿ ನೋಡಿ. ವೀರಗಲ್ಲು, ಮಾಸ್ತಿಕಲ್ಲು, ಅಕ್ಷರ ಇರುವ ಚಪ್ಪಡಿ ಏನಾದರೂ ಇದೆಯಾ? ಚೌಡಮ್ಮನ ಕಟ್ಟೆಯ ಹಿಂಬದಿ, ಬಟ್ಟೆ ಒಗೆಯುವ ಕಲ್ಲಿನ ಅಡಿಬದಿಯನ್ನೂ ಬಿಡಬೇಡಿ. ಶಾಸನದ ಕಲ್ಲನ್ನು ಬೋರಲು ಹಾಕಿ ಒಗೆಯುವ ಕಲ್ಲು ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರು ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಊರೂರಿಗೆ ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದರು. ಸೊರಬ, ಸಾಗರ, ನಗರ, ತೀರ್ಥಹಳ್ಳಿ 8ನೆಯದರಲ್ಲಿವೆ. ನಿಮ್ಮ ಊರಿನ ಹೆಸರನ್ನು ಮೊದಲು ಅದರಲ್ಲಿ ಹುಡುಕಿ. ಕೆರೆಗೆ ಅಂತ ಭೂಮಿ ಬಿಟ್ಟ ಮಾತು ಸಿಕ್ಕರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಕೆರೆಗೆ ಸಂಬಂಧಪಟ್ಟ ಮೂರು ಪದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಕೆರೆ ಕಟ್ಟಿಸಿದವನಿಗೆ, ರಿಪೇರಿ ಮಾಡಿಸಿದವನಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಅಡಿ ಬೆಳೆದದ್ದರಲ್ಲಿ, ಇಲ್ಲವೇ ಭೂಮಿಯಲ್ಲಿ, ಕೆರೆಯ ನಿಗಾಕ್ಕೆಂದೇ ಮೀಸಲಿಟ್ಟ ಪಾಲು ಬಿತ್ತುವಟ್ಟ. ದಶವಂದ ಅಂದರೆ ಹೆಸರೇ ಹೇಳುವಂತೆ ಹತ್ತರ ಲೆಕ್ಕದ ಪಾಲು. ಈ ಪದಗಳನ್ನು ಓದುವಾಗ ನನಗೆ ಪ್ರತಿ ಸಲವೂ ಅದೇ ಅನಿಸುತ್ತದೆ. ಕೆರೆ ಕಟ್ಟುವ ದಿನವೇ, ಮುಂದೆ ಇದರ ಹೂಳು ತೆಗೆಯುವವರು ಯಾರು, ಅವರ ಊಟಕ್ಕೆ ಏನು ಎಂದು ಯೋಚನೆ ಮಾಡಿದ್ದರು. ನಾವು ಕೆರೆ ಉದ್ಘಾಟನೆಗೆ ದುಡ್ಡು ಇಡುತ್ತೇವೆ. ಮರುವರ್ಷದ ಹೂಳಿಗೆ ಇಡುವುದಿಲ್ಲ.

ನಮ್ಮ ಸೀಮೆಯ ಕೆರೆಯ ಕಥೆ ಎಷ್ಟು ಹಿಂದಕ್ಕೆ ಹೋಗುತ್ತದೆ ಗೊತ್ತಾ? ನಿಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಒಮ್ಮೆ ಹೋಗಿ ಬನ್ನಿ. ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲಿನ ಕಂಬದ ಮೇಲೆ ಕದಂಬರ ಶಾಸನ ಇದೆ. ಐದನೇ ಶತಮಾನದ್ದು, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಅಲ್ಲಿ ಅವಮಾನವಾಗಿ ಕತ್ತಿ ಹಿಡಿದದ್ದು ಎಲ್ಲ ನಮಗೆ ಗೊತ್ತಾದದ್ದು ಆ ಕಂಬದಿಂದ. ಆದರೆ ಆ ಕಂಬ ನಿಲ್ಲಿಸಿದ್ದು ಯುದ್ಧ ಗೆದ್ದದ್ದಕ್ಕಲ್ಲ. ಕಾಕುಸ್ಥವರ್ಮ ಅಲ್ಲಿನ ದೇವಸ್ಥಾನದ ಹತ್ತಿರ ಒಂದು ಕೆರೆ ಕಟ್ಟಿಸಿದ. ಅದನ್ನು ಹೇಳಲು ಅವನ ಮಗ ಶಾಂತಿವರ್ಮ ಬರೆಸಿದ ಶಾಸನ ಅದು. ಒಂದು ರಾಜವಂಶದ ಇಡೀ ಚರಿತ್ರೆ ನಮಗೆ ಸಿಕ್ಕಿದ್ದು ಒಂದು ಕೆರೆಯ ನೆಪದಲ್ಲಿ.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಸಾಗರ ಪೇಟೆಗೆ ಆ ಹೆಸರು ಬಂದದ್ದೇ ಕೆರೆಯಿಂದ. ಕೆಳದಿಯ ಸದಾಶಿವ ನಾಯಕ 16ನೇ ಶತಮಾನದಲ್ಲಿ ಕೆಳದಿಗೂ ಇಕ್ಕೇರಿಗೂ ನಡುವೆ ಕೆರೆ ಕಟ್ಟಿಸಿ ತನ್ನದೇ ಹೆಸರಿಟ್ಟ. ಸದಾಶಿವ ಸಾಗರ. ಈಗ ನಾವು ಗಣಪತಿ ಕೆರೆ ಅನ್ನುತ್ತೇವಲ್ಲ, ಅದೇ. ಊರಿಗೆ ಕೆರೆ ಎಂಬ ಮಾತು ಅಲ್ಲಿ ತಿರುಗಿ, ಕೆರೆಗೆ ಊರು ಎಂದಾಗಿದೆ. ಆನಂದಪುರದ ಹತ್ತಿರದ ಚಂಪಕ ಸರಸು, ನಗರದ ದೇವಗಂಗೆಯ ಕೊಳಗಳು ಕೂಡ ಕೆಳದಿ ಕಾಲದವೇ. ಅವು ಕಲ್ಲುಮೆಟ್ಟಿಲಿನ ಚಂದದ ಕೊಳಗಳು, ಜನ ನೋಡಲು ಹೋಗುತ್ತಾರೆ. ನಿಮ್ಮದು ಗದ್ದೆ, ತೋಟಕ್ಕೆ ಕಟ್ಟಿದ ದುಡಿಯುವ ಕೆರೆ. ಹೆಸರು ಮಾಡದ ಇಂಥ ಕೆರೆಗಳೇ ನಮ್ಮಲ್ಲಿ ಜಾಸ್ತಿ. ಕೆಳದಿಯವರ ಕಂದಾಯ ನಿಂತಿದ್ದು ಭತ್ತ, ಅಡಿಕೆಯ ಮೇಲೆ. ಶಿವಪ್ಪ ನಾಯಕನ ಶಿಸ್ತು ಎಂದು ಇವತ್ತಿಗೂ ಹೇಳುತ್ತೇವಲ್ಲ, ಆ ಭೂಮಿಯ ಲೆಕ್ಕದ ಹಿಂದೆ ಇಂಥ ಸಾವಿರಾರು ಏರಿ, ತೂಬುಗಳ ದುಡಿಮೆ ಇದೆ.

ಮಲೆನಾಡಲ್ಲಿ ಇಷ್ಟು ಮಳೆ ಬರುವಾಗ ಕೆರೆ ಯಾಕೆ ಎಂದು ಬಯಲುಸೀಮೆಯವರು ಕೇಳುತ್ತಾರೆ. ಈಗ ನಮ್ಮವರೂ ಕೇಳಲು ಶುರು ಮಾಡಿದ್ದಾರೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡ ಇಳಿಜಾರು, ಕೆಳಗೆ ಜಂಬಿಟ್ಟಿಗೆ ಮಣ್ಣು. ನೀರು ನಿಲ್ಲುವುದಿಲ್ಲ, ಹಳ್ಳ ಹಿಡಿದು ವರದಾ ನದಿಗೋ ದಂಡಾವತಿ ನದಿಗೋ ಹೋಗಿಬಿಡುತ್ತದೆ. ಅಡಿಕೆ ಮರಕ್ಕೆ ಆಳದ ಬೇರಿಲ್ಲ. ಬುಡದಲ್ಲಿ ನೀರು ನಿಂತರೂ ಆಗದು, ಏಪ್ರಿಲ್‌ನಲ್ಲಿ ತಂಪು ಆರಿದರೂ ಆಗದು. ಅದಕ್ಕೇ ಹಿರಿಯರು ಕಣಿವೆಯ ತಲೆಗೆ ಅಡ್ಡ ಕಟ್ಟಿ ಕೆರೆ ಮಾಡಿದರು. ಮೇಲೆ ಸೊಪ್ಪಿನ ಬೆಟ್ಟ, ಕಾನು ಅಂದರೆ ದಟ್ಟ ನಿತ್ಯಹಸಿರು ಕಾಡು. ಅದರ ಕೆಳಗೆ ಕೆರೆ. ಕೆರೆಯ ಕೆಳಗೆ ತೋಟ. ತೋಟದ ಕೆಳಗೆ ಗದ್ದೆ. ಕಾನಿನ ನೆರಳಲ್ಲಿ ಇಂಗಿದ ನೀರು ನಿಧಾನಕ್ಕೆ ಜಿನುಗಿ ಕೆರೆಗೆ, ಕೆರೆಯಿಂದ ಜಿನುಗಿ ತೋಟಕ್ಕೆ. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಆ ಕಾನುಗಳಲ್ಲಿ ಎಷ್ಟು ಉಳಿದಿವೆ ಎಂದು ನಿಮಗೇ ಗೊತ್ತು. ಕೆರೆಯನ್ನು ಈ ಸಾಲಿನಿಂದ ಬಿಡಿಸಿ ಒಂಟಿಯಾಗಿ ನೋಡಿದರೆ ಅದು ಬರೀ ಎಂಟು ಎಕರೆ ಕೆಸರು.

ಈಗ ಬೋರ್ ಮಾತಿಗೆ ಬರೋಣ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಅದು ಸುಮಾರು 12.3 ಲಕ್ಷ ಲೀಟರ್. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ 540 ಮರ ಹಿಡಿಯುತ್ತವೆ. ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಸಾಮಾನ್ಯ ಲೆಕ್ಕ. ಜನವರಿಯಿಂದ ಮೇವರೆಗೆ 150 ದಿನ ಹಿಡಿದರೆ ಎಕರೆಗೆ 14 ಲಕ್ಷ ಲೀಟರ್ ಚಿಲ್ಲರೆ. ಅಂದರೆ ಕೆರೆಯ ಒಂದು ಎಕರೆಯಲ್ಲಿ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ನಿಂತ ನೀರು, ಒಂದು ಎಕರೆ ತೋಟದ ಒಂದು ಬೇಸಿಗೆ. ನಿಮ್ಮ ಕೆರೆಯಲ್ಲಿ ಮೂರು ಅಡಿ ಹೂಳು ಕೂತಿದೆ ಎಂದಿಟ್ಟುಕೊಳ್ಳಿ. ಎಂಟು ಎಕರೆಗೆ ಸುಮಾರು 3 ಕೋಟಿ ಲೀಟರ್ ನೀರಿನ ಜಾಗ ಹೋಯಿತು. ಆವಿಯಾಗಿ ಹೋಗುವುದು, ಇಂಗುವುದು ಎಲ್ಲ ಕಳೆದರೂ ಸಣ್ಣ ಮಾತಲ್ಲ.

ಇಂಗಿದ್ದು ನಷ್ಟ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ಏಪ್ರಿಲ್‌ನಲ್ಲೂ ನೀರು ಇದ್ದರೆ ಅದು ಅಲ್ಲಿಂದ ಇಂಗಿ ಬಂದದ್ದು. ಬೋರ್ ನೀರು ಮಾಡುವುದಿಲ್ಲ, ಇರುವುದನ್ನು ಎತ್ತುತ್ತದೆ ಅಷ್ಟೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಕೆರೆಯ ಕೆಳಗಿನ ನಾಲ್ಕು ಬಾವಿ, ಕೆರೆಗೆ ಸಂಬಂಧವಿಲ್ಲದ ಪಕ್ಕದ ಗುಡ್ಡದ ಮಗ್ಗುಲಿನ ನಾಲ್ಕು ಬಾವಿ ಆರಿಸಿಕೊಳ್ಳಿ. ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆದು ಪುಸ್ತಕದಲ್ಲಿ ಬರೆಯಿರಿ. ಶಾಲೆಯ ಮಕ್ಕಳಿಗೆ ಕೊಟ್ಟರೂ ಆಯಿತು. ಗ್ರಾಮಸಭೆಯಲ್ಲಿ ನನ್ನ ಮಾತಿಗಿಂತ ಆ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ.

ನೀರಿನ ಲೆಕ್ಕ ಆಯಿತು. ಆದರೆ ನೀವು ಬೆಲೆ ಎಂದು ಕೇಳಿದಿರಿ. ನನಗೆ ಹೆಚ್ಚು ಹೇಳಬೇಕಿರುವುದು ಕೆರೆಯ ಅಂಚಿನ ಬಗ್ಗೆ. ನಿಮ್ಮೂರಿನವರು ಕೊಳಕು ಎನ್ನುತ್ತಿರುವ ಆ ಕೆಸರು, ಜೊಂಡು, ಮೊಣಕಾಲುದ್ದ ನೀರಿನ ಭಾಗ ಇದೆಯಲ್ಲ, ಕೆರೆಯ ಜೀವ ಹೆಚ್ಚಾಗಿ ಇರುವುದು ಅಲ್ಲೇ.

ಜೂನ್ ಕೊನೆಯಲ್ಲಿ ಒಂದು ರಾತ್ರಿ ಟಾರ್ಚ್ ಹಿಡಿದು ಕೆರೆಯ ಮೇಲುಗಡೆಗೆ, ಕಾನಿನ ಕಡೆಯಿಂದ ನೀರು ಬರುವ ಮೂಲೆಗೆ ಹೋಗಿ. ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಎಲೆಗಳ ನಡುವೆ ಮುಷ್ಟಿ ಗಾತ್ರದ ಬಿಳಿ ನೊರೆಯ ಉಂಡೆ ಅಂಟಿಕೊಂಡಿರುತ್ತದೆ. ಸಾಬೂನಿನ ನೊರೆ ಹಾರಿ ಬಂತೇನೋ ಅನ್ನಿಸಬೇಕು. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಹಸಿರು ಬಣ್ಣದ, ಬೆರಳುಗಳ ನಡುವೆ ಕೆಂಪು ಪೊರೆ ಇರುವ ಕಪ್ಪೆ. ಕಾಲಿನಿಂದ ಕಡೆದು ಕಡೆದು ಆ ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಕೆಲವು ದಿನ ಕಳೆದು ಮರಿ ಹೊರಬರುವ ಹೊತ್ತಿಗೆ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಕೆಳಗೆ ನೀರು ಇರಲೇಬೇಕು, ಮೇಲೆ ಕೊಂಬೆ ಇರಲೇಬೇಕು. ಸುತ್ತ ಕಲ್ಲುಗೋಡೆ ಕಟ್ಟಿ ಗಿಡ ಸವರಿದ ದಿನ ಈ ಎರಡೂ ದೂರವಾಗುತ್ತವೆ.

ಅಂಚಿನ ಎಲೆಗಳ ಮೇಲೆ ಉದ್ದ ಬೆರಳಿನ ದೇವನಕ್ಕಿ ನಡೆಯುತ್ತದೆ. ಗಂಡುಹಕ್ಕಿಯೇ ಕಾವು ಕೊಟ್ಟು ಮರಿ ಸಾಕುತ್ತದೆ, ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಇರುಕಿಕೊಂಡು ಓಡುತ್ತದೆ. ಜೊಂಡಿನೊಳಗೆ ನೇರಳೆ ಜಂಬುಕೋಳಿ, ಹುಂಡುಕೋಳಿ. ತೇಲುವ ಗೂಡು ಕಟ್ಟುವ ಗುಳುಮುಳುಕ. ಕಂಬದ ಮೇಲೆ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ. ನಿಮ್ಮ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗಿಯೇ ಇರುತ್ತೀರಿ. ಅಲ್ಲಿ ಕೆರೆ ಮಧ್ಯದ ಮರಗಳಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಗುಡವಿ ಇರುವುದು ಒಂದು ಚದರ ಕಿಲೋಮೀಟರ್‌ಗೂ ಕಡಿಮೆ. ಅಷ್ಟು ಹಕ್ಕಿಗಳ, ಅವುಗಳ ಮರಿಗಳ ಊಟ ಅಷ್ಟೇ ಜಾಗದಲ್ಲಿ ಹುಟ್ಟುವುದಿಲ್ಲ. ಬೆಳಿಗ್ಗೆ ಎದ್ದು ಸುತ್ತಲ ಊರುಗಳ ಗದ್ದೆ, ಕೆರೆಗಳಿಗೆ ಹಾರುತ್ತವೆ. ಗುಡವಿ ಮನೆಯಾದರೆ ನಿಮ್ಮ ಕೆರೆಯಂಥವು ಅದರ ಅಡುಗೆಮನೆ. ಪಕ್ಷಿಧಾಮಕ್ಕೆ ಮಾತ್ರ ಬೇಲಿ ಹಾಕಿ ಅಡುಗೆಮನೆ ಮುಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾ?

ಮೀನಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಜೋರು ಮಳೆಗೆ ಹತ್ತುಮೀನು ಏಳುತ್ತವಲ್ಲ, ಆ ರಾತ್ರಿ ಯೋಚನೆ ಮಾಡಿ. ಕೋಡಿ ನೀರಿನ ಎದುರಿಗೆ ಹತ್ತಿ, ಅಗಳು ದಾಟಿ, ಗದ್ದೆಯ ತೆಳು ನೀರಿಗೆ ಮೊಟ್ಟೆ ಇಡಲು ಹೋಗುತ್ತವೆ. ಹಳೆಯ ಕೋಡಿಗಳು ಕಲ್ಲಿನ ಗಿಡ್ಡ ಮೆಟ್ಟಿಲುಗಳಾಗಿದ್ದವು. ಮೀನು ಹತ್ತುತ್ತಿತ್ತು. ಈಗ ಕಟ್ಟುವ ಕಾಂಕ್ರೀಟ್ ಕೋಡಿ ನಾಲ್ಕೈದು ಅಡಿಯ ನೆಟ್ಟಗಿನ ಗೋಡೆ. ಮೀನು ಬುಡದಲ್ಲಿ ಗುಂಪಾಗಿ ನಿಲ್ಲುತ್ತದೆ, ಜನ ಬುಟ್ಟಿ ಹಿಡಿದು ಬರುತ್ತಾರೆ. ಎರಡು ಮೂರು ವರ್ಷದಲ್ಲಿ ಮೀನು ಕಡಿಮೆಯಾಯಿತು ಎನ್ನುತ್ತಾರೆ.

ಬೇಸಿಗೆಯ ಕೆಸರು ಕೂಡ ಸುಮ್ನೆ ಬಿದ್ದಿರುವುದಲ್ಲ. ಕುಚ್ಚು, ಮುರುಗೋಡು, ಕೊರವ ಇವೆಲ್ಲ ಗಾಳಿಯನ್ನೂ ಉಸಿರಾಡಬಲ್ಲ ಮೀನು. ನೀರು ಕಡಿಮೆಯಾದಾಗ ಕೆಸರಿನಲ್ಲಿ ದಿನ ತಳ್ಳುತ್ತವೆ. ನಮ್ಮ ಕೆರೆಬೇಟೆ, ಅಂದರೆ ಊರೆಲ್ಲ ಒಟ್ಟಿಗೆ ಕೆರೆಗೆ ಇಳಿದು ಮೀನು ಹಿಡಿಯುವುದು, ಹುಟ್ಟಿದ್ದೇ ಈ ತಿಳಿವಳಿಕೆಯ ಮೇಲೆ. ನಾನು ಮೊದಲ ಸಲ ಕೆರೆಗೆ ಇಳಿದಾಗ ಹನ್ನೆರಡು ವರ್ಷ. ದೊಡ್ಡಪ್ಪ ಒಂದು ಸಣ್ಣ ಕೂಣಿ ಕೊಟ್ಟಿದ್ದರು. ಬಿದಿರಿನದ್ದು, ಮೇಲೆ ಕೆಳಗೆ ಎರಡೂ ಕಡೆ ಬಾಯಿ, ಕೆಳಗೆ ಅಗಲ. ಸೂಚನೆ ಆದದ್ದೇ ತಡ ನೂರಾರು ಜನ ಒಟ್ಟಿಗೆ ನೀರಿಗೆ. ಕೂಣಿ ಊರಬೇಕು, ಒತ್ತಬೇಕು, ತಡೆದು ನಿಲ್ಲಬೇಕು. ಒಳಗೆ ಮೀನು ಇದ್ದರೆ ಬಿದಿರಿಗೆ ಬಡಿಯುತ್ತದೆ, ಅಂಗೈಗೆ ಗೊತ್ತಾಗುತ್ತದೆ. ಆಮೇಲೆ ಮೇಲಿನ ಬಾಯಿಂದ ಕೈ ಇಳಿಸಿ ತಡಕಬೇಕು. ಆ ಕೆಸರು ಬೆಚ್ಚಗಿತ್ತು, ಮೆತ್ತಗಿತ್ತು. ಬೆರಳಿಗೆ ಬಸವನಹುಳು, ಏಡಿ, ತಾವರೆ ಗೆಡ್ಡೆ ಸಿಗುತ್ತಿದ್ದವು. ಒಂದು ಮುರುಗೋಡು ಮುಳ್ಳು ಚುಚ್ಚಿ ಕೈ ಎರಡು ದಿನ ಊದಿತ್ತು. ಕೆರೆಯ ತಳ ಬರೀ ಮಣ್ಣಲ್ಲ ಎಂದು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ದಿನ. ಮತ್ತೆ ಇಡೀ ಊರು ವರ್ಷಕ್ಕೊಮ್ಮೆ ಕೆಸರು ತುಳಿದರೆ ಹೂಳು ಸಡಿಲವಾಗುತ್ತದೆ, ಊರಿನ ಪ್ರತಿಯೊಬ್ಬನಿಗೂ ಕೆರೆಯ ಆಳ ಕಾಲಿನಲ್ಲೇ ಗೊತ್ತಿರುತ್ತದೆ.

ಹಾಗಾದರೆ ಹೂಳು ತೆಗೆಯಬಾರದಾ? ಖಂಡಿತ ತೆಗೆಯಬೇಕು. ತೆಗೆಯದೇ ಬಿಟ್ಟರೆ ಕೆರೆ ನಿಧಾನಕ್ಕೆ ಗದ್ದೆಯಾಗುತ್ತದೆ, ಆಮೇಲೆ ಯಾರದೋ ಪಹಣಿ ಆಗುತ್ತದೆ. ಪ್ರಶ್ನೆ ಇರುವುದು ಹೇಗೆ ತೆಗೆಯಬೇಕು ಎಂಬುದರಲ್ಲಿ. ಇಲ್ಲಿ ಒಂದು ನೋವಿನ ವಿಷಯ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಊರಿನವರು ನನ್ನನ್ನು ಕರೆದರು. ಕೆರೆ ಅಭಿವೃದ್ಧಿ ಆಗಿತ್ತು. ಸುತ್ತ ನೆಟ್ಟಗೆ ಕಲ್ಲಿನ ಗೋಡೆ, ಮೇಲೆ ಬಣ್ಣದ ಬ್ಲಾಕ್ ಹಾಕಿದ ದಾರಿ, ಕಬ್ಬಿಣದ ಬೆಂಚು. ಒಳಗೆ ಸಮಾನವಾಗಿ ಹದಿನೈದು ಅಡಿ ಆಳ. ಜನವರಿಯಲ್ಲೇ ನೀರು ಇರಲಿಲ್ಲ. ಯಂತ್ರದವರು ಆಳ ಜಾಸ್ತಿ ಆದಷ್ಟೂ ಒಳ್ಳೆಯದು ಎಂದು ತಳದ ಜೇಡಿಮಣ್ಣಿನ ಪದರವನ್ನೇ ಕಿತ್ತು ತೆಗೆದಿದ್ದರು. ಕೆಳಗೆ ತೂತು ತೂತಿನ ಜಂಬಿಟ್ಟಿಗೆ. ನೀರು ಬಂದ ಹಾಗೇ ಇಳಿದುಹೋಯಿತು. ಹಳೇ ತೂಬಿನ ಕಲ್ಲುಗಳು ಲೋಡಿನ ಜೊತೆ ಹೋಗಿದ್ದವು, ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಗೋಡೆ ನೆಟ್ಟಗಿದ್ದದ್ದರಿಂದ ದನ ನೀರಿಗೆ ಇಳಿಯುವಂತಿಲ್ಲ, ಮಗು ಬಿದ್ದರೆ ಹತ್ತುವಂತಿಲ್ಲ. ಅಲ್ಲಿ ನಿಂತಾಗ ನನಗೆ ಹೇಳಲು ಏನೂ ತೋಚಲಿಲ್ಲ.

ಅದಕ್ಕೇ ನಿಮ್ಮಲ್ಲಿ ಕೆಲಸ ಶುರುವಾಗುವ ಮೊದಲು ಒಂದೆರಡು ದಿನ ಇದಕ್ಕೆ ಕೊಡಿ. ಫೆಬ್ರವರಿ ಮಾರ್ಚ್‌ನಲ್ಲಿ ನಾಲ್ಕಾರು ಕಡೆ ಕೈಯಿಂದ ಗುಂಡಿ ತೋಡಿ ನೋಡಿ. ಮೇಲಿನ ಕಪ್ಪು, ಹಗುರ, ಎಲೆ ಕೊಳೆತ ವಾಸನೆಯ ಮಣ್ಣು ಗೋಡು. ಅದರ ಕೆಳಗೆ ಬೂದು ಬಣ್ಣದ ಅಂಟು ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಬೇಕು. ಆ ಜೇಡಿಯೇ ಕೆರೆಯ ತಳ. ಪ್ರತಿ ಗುಂಡಿಯಲ್ಲಿ ಗೋಡಿನ ದಪ್ಪ ಅಳೆದು ಬರೆದಿಟ್ಟು, ಯಂತ್ರ ಓಡಿಸುವವರಿಗೆ ಅಲ್ಲಲ್ಲಿ ಗೂಟ ಹೊಡೆದು ತೋರಿಸಿ. ಎಷ್ಟು ಗೋಡು ಎಂದು ಮೊದಲೇ ತಿಳಿದರೆ ಖರ್ಚಿನ ಅಂದಾಜೂ ಸಿಗುತ್ತದೆ. ಎಂಟು ಎಕರೆಯಲ್ಲಿ ಮೂರು ಅಡಿ ಅಂದರೆ ಸುಮಾರು ಹತ್ತು ಸಾವಿರ ಟ್ರ್ಯಾಕ್ಟರ್ ಲೋಡ್. ಒಂದೇ ಬೇಸಿಗೆಯಲ್ಲಿ ಮುಗಿಸುವ ಹಟ ಬೇಡ. ಮೂರು ನಾಲ್ಕು ವರ್ಷಕ್ಕೆ ಹಂಚಿಕೊಂಡರೆ ದುಡ್ಡಿಗೂ ಸುಲಭ, ಜೀವಿಗಳಿಗೂ ಸುಲಭ. ಈ ವರ್ಷ ಮುಟ್ಟದ ಭಾಗದಿಂದ ತಾವರೆ, ಬಸವನಹುಳು, ಮೀನು ಎಲ್ಲ ಹೊಸ ಭಾಗಕ್ಕೆ ಹರಡಿಕೊಳ್ಳುತ್ತವೆ. ಗೋಡನ್ನು ತೋಟಕ್ಕೆ ಒಯ್ಯಿರಿ, ಅಡಿಕೆ ಬುಡಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಆದರೆ ಕೆರೆಯ ಮೇಲುಗಡೆ ಶುಂಠಿ ಹಾಕಿದ್ದರೆ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಶುಂಠಿಗೆ ಹೊಡೆದ ಔಷಧಿ ಮಳೆಗೆ ಎಲ್ಲಿಗೆ ಬರುತ್ತದೆ, ಅಲ್ವಾ?

ನೀರು ಒಳಬರುವ ಕಡೆಯ ಮೂರನೇ ಒಂದು ಭಾಗವನ್ನು ತೆಳುವಾಗಿಯೇ ಬಿಡಿ. ಜೊಂಡು ಅಲ್ಲಿ ಇರಲಿ, ಮಣ್ಣು ಹಿಡಿಯುವ ಜರಡಿ ಅದು. ನಡುವೆ ಆಳ ಮಾಡಿ. ದಡ ಇಳಿಜಾರಾಗಿರಲಿ, ದನ ಆರಾಮವಾಗಿ ಇಳಿದು ಹತ್ತುವಷ್ಟು. ಏರಿಯ ಬುಡಕ್ಕೆ ಯಂತ್ರ ಹೋಗುವುದೇ ಬೇಡ. ಮೂವತ್ತು ಅಡಿಯಾದರೂ ಬಿಟ್ಟು ತೋಡಬೇಕು. ಇಲ್ಲದಿದ್ದರೆ ಏರಿಯ ಕಾಲು ಕಿತ್ತ ಹಾಗೆ. ಏರಿಯ ಮೇಲೆ ಹುಲ್ಲು, ಲಾವಂಚ ಸಾಕು. ದೊಡ್ಡ ಮರ ಸತ್ತು ಬೇರು ಕೊಳೆತರೆ ಅದೇ ನೀರಿನ ದಾರಿಯಾಗುತ್ತದೆ. ಇನ್ನೊಂದು ಮಾತು. ಜಾಸ್ತಿ ನೀರು ನಿಲ್ಲಲಿ ಎಂದು ಕೋಡಿಯನ್ನು ಒಂದಡಿ ಎತ್ತರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಏರಿ ಎಷ್ಟು ತಡೆಯಬಲ್ಲದು ಎಂದು ನೋಡಿಯೇ ಹಳಬರು ಕೋಡಿಯ ಮಟ್ಟ ಇಟ್ಟಿದ್ದಾರೆ. ಆಗಸ್ಟ್ ರಾತ್ರಿಯ ಮಳೆಗೆ ಏರಿ ಒಡೆದರೆ ಕೆಳಗಿರುವುದು ನಿಮ್ಮದೇ ತೋಟ.

ಮೀನು ಬಿಡುವ ಬಗ್ಗೆಯೂ ಹುಷಾರಾಗಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ನಮ್ಮ ದೇಶದಲ್ಲಿ 2000ರಲ್ಲೇ ನಿಷೇಧ ಮಾಡಿದ್ದಾರೆ. ಆದರೂ ಬೇಗ ಬೆಳೆಯುತ್ತದೆ ಎಂದು ತಂದು ಬಿಡುವವರಿದ್ದಾರೆ. ಅದು ಒಳಗಿನ ಕುಚ್ಚು, ಕಪ್ಪೆ, ಮೊಟ್ಟೆ ಎಲ್ಲ ನುಂಗಿ, ಒದ್ದೆ ನೆಲದಲ್ಲಿ ತೆವಳಿ ಮುಂದಿನ ಕೆರೆಗೂ ಹೋಗಬಲ್ಲದು. ಸೊಳ್ಳೆಗೆ ಅಂತ ಗಂಬೂಸಿಯಾ ಮೀನನ್ನೂ ಬಿಡಬೇಡಿ. ಅಂಚು ಚೆನ್ನಾಗಿರುವ ಕೆರೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳೇ ಸೊಳ್ಳೆ ಹುಳ ತಿನ್ನುತ್ತವೆ.

ಮುಚ್ಚಿ ಭವನ ಕಟ್ಟುವ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ಕಾನೂನು ಬಿಡುವುದಿಲ್ಲ. ಹಿಂಚ್ ಲಾಲ್ ತಿವಾರಿ ಮತ್ತು ಕಮಲಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆರೆಯ ಜಾಗ ಭಾಗಶಃ ಒಣಗಿದ್ದರೂ ಅದನ್ನು ಮನೆ ಕಟ್ಟಲು ಹಂಚುವಂತಿಲ್ಲ. ನಮ್ಮ ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೂ ಇದೆ. ನೀವು ಮಾಡಬೇಕಾದದ್ದು ತಾಲ್ಲೂಕು ಕಚೇರಿಯಿಂದ ಗ್ರಾಮನಕ್ಷೆ, ಆಕಾರ್‌ಬಂದ್ ಎಂಬ ಸರ್ವೆ ವಿಸ್ತೀರ್ಣದ ದಾಖಲೆ, ಪಹಣಿ ತೆಗೆಸಿ ಕೆರೆಯ ನಿಜವಾದ ವಿಸ್ತೀರ್ಣ ನೋಡುವುದು. ಎಂಟು ಎಕರೆ ಎಂದಿರಿ. ದಾಖಲೆಯಲ್ಲಿ ಹನ್ನೊಂದು ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯತಿ ವ್ಯಾಪ್ತಿಗೆ ಬರುತ್ತದೆ, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ಅರ್ಜಿ ಯಾರಿಗೆ ಕೊಡಬೇಕು ಎಂಬುದು ಇದರ ಮೇಲೆ ತೀರ್ಮಾನವಾಗುತ್ತದೆ. ಸರ್ವೆ ಮಾಡಿಸಿ ಗಡಿಗೆ ಕಲ್ಲು ನೆಡಿಸಿ, ಆಮೇಲೆ ಹೂಳಿನ ಮಾತು.

ವಾಕಿಂಗ್ ದಾರಿ ಬೇಕು ಎನ್ನುವವರನ್ನೂ ಬೈಯಬೇಡಿ. ಕೆರೆ ಹತ್ತಿರ ಓಡಾಡಬೇಕು ಎಂಬ ಆಸೆ ಒಳ್ಳೆಯದೇ. ಏರಿಯ ಮೇಲೆ ಮಣ್ಣಿನ ದಾರಿ ಈಗಾಗಲೇ ಇದೆ, ಫೋಟೋದಲ್ಲಿ ಕಾಣುತ್ತದೆ. ಅದನ್ನೇ ಸವರಿ, ಒಂದೆರಡು ಕಡೆ ಕೂರಲು ಕಲ್ಲು ಹಾಕಿದರೆ ಸಾಕು. ಉಳಿದ ಮೂರು ಬದಿ ಕಪ್ಪೆಗೂ ಹಕ್ಕಿಗೂ ಇರಲಿ.

ಏಪ್ರಿಲ್‌ನಲ್ಲಿ ನೀರು ಇಳಿದಾಗ ತೂಬಿನ ಕಂಬಗಳ ಫೋಟೋ ತೆಗೆದು ಕಳಿಸಿ. ಪಾಚಿಯನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ಬರೀ ನೀರು ಹಾಕಿ ತೊಳೆಯಿರಿ. ಕಬ್ಬಿಣದ ಬ್ರಷ್, ಆಸಿಡ್, ಸುಣ್ಣ ಯಾವುದೂ ಬೇಡ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಸವೆದ ಗೆರೆಯೂ ನೆರಳಿನಲ್ಲಿ ಎದ್ದು ಕಾಣುತ್ತದೆ. ನಾಲ್ಕೂ ಮುಖ ತೆಗೆಯಿರಿ. ಅಕ್ಷರ ಇದ್ದರೆ ಓದಿಸುವ ಜವಾಬ್ದಾರಿ ನನ್ನದು.